ಸೀಟಿ ಟೀಚರ ಕೇಳುವ ಪೆಟ್ಟಿಗೆ

ಸೀಟಿ ಟೀಚರಿಗೆ ಕಿವಿ ಮಂದವಾಗುತ್ತಿದೆ ಎಂಬುದನ್ನು ಮೊದಲು ಪತ್ತೆ ಹಚ್ಚಿದ್ದು ಡಾಕ್ಟರಲ್ಲ, ಅವರ ಅತ್ತೆ. "ಮುಂಚೆ ನಾನು ಒಂದು ಮಾತು ಅಂದ್ರೆ ಇವಳು ಎರಡು ತಿರುಗಿಸಿ ಕೊಡ್ತಿದ್ದಳು. ಈಗ ಬೈದ್ರೆ ನಗ್ತಾಳೆ. ಏನೋ ಕೆಟ್ಟಿದೆ ನೋಡು," ಎಂದು ಮುದುಕಿ ಮಗನ ಹತ್ತಿರ ದೂರಿದರು.

ಟೀಚರ್ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಟದ ಟೀಚರಾಗಿ ನೌಕರಿ ಸವೆಸಿದವರು. ಕೊರಳಲ್ಲಿ ಸದಾ ಒಂದು ಸೀಟಿ. ಓಡು ಎಂದರೆ ಓಡಬೇಕು, ನಿಲ್ಲು ಎಂದರೆ ಗಾಳಿಯೂ ನಿಲ್ಲಬೇಕು, ಹಾಗೆ ಊದುತ್ತಿದ್ದರು. ಮಳೆ ಬಂದ ದಿನ ತಗಡಿನ ಮಾಡಿನ ಹಾಲಿನೊಳಗೇ ಕವಾಯತು. ಅಲ್ಲಿ ಊದಿದ ಸೀಟಿ ನಾಲ್ಕು ಗೋಡೆಗೂ ಬಡಿದು ಮತ್ತೆ ಅವರ ಕಿವಿಗೇ ಬಂದು ಬೀಳುತ್ತಿತ್ತು. ಮಕ್ಕಳು ಇಟ್ಟ ಅಡ್ಡಹೆಸರು ಬೀದಿಗೆ ಬಂತು, ಬೀದಿಯಿಂದ ಮನೆಗೆ ಬಂತು. ಕೊನೆಗೆ ಗಂಡನೂ ಒಮ್ಮೊಮ್ಮೆ ಹಾಗೇ ಕರೆಯತೊಡಗಿದರು.

ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, "ವಯಸ್ಸಾಯ್ತಲ್ಲ," ಎಂದಾಗ ಟೀಚರ್ ಒಪ್ಪಲಿಲ್ಲ. "ವಯಸ್ಸಿನ ಮೇಲೆ ಗೂಬೆ ಕೂರಿಸಬೇಡಿ ಡಾಕ್ಟ್ರೇ. ಊದಿದವಳು ನಾನು, ಅನುಭವಿಸೋಳೂ ನಾನೇ."

ಕಿವಿಗೆ ಸಿಕ್ಕಿಸುವ ಯಂತ್ರ ಬಂತು. ಮನೆಯಲ್ಲಿ, ಎದುರುಬದುರು ಕೂತು ಒಬ್ಬರೇ ಮಾತಾಡಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಹತ್ತು ಜನ ಸೇರಿದರೆ ಮುಗಿಯಿತು. ಫ್ಯಾನಿನ ಗರಗರ, ಕುರ್ಚಿಯ ಕಿರುಗುಟ್ಟು, ಯಾರದೋ ಕೆಮ್ಮು, ಎಲ್ಲ ಕಲಸಿ ಒಂದೇ ಮುದ್ದೆಯಾಗಿ ಕಿವಿಗೆ ಬೀಳುತ್ತಿತ್ತು. ಅಂಥ ಕಡೆ ಟೀಚರ್ ಮಾತಾಡುವವರ ಮುಖ ನೋಡುತ್ತ, ಎಲ್ಲರೂ ನಕ್ಕಾಗ ನಗುತ್ತ, ಎಲ್ಲರೂ ತಲೆಯಾಡಿಸಿದಾಗ ತಲೆಯಾಡಿಸುತ್ತ ಕೂರುವುದನ್ನು ಕಲಿತರು. ಆ ತಲೆಯಾಟವೇ ಅವರಿಗೆ ಮುಳುವಾಯಿತು.

ಅವರಿದ್ದ ಕಟ್ಟಡಕ್ಕೊಂದು ನಿವಾಸಿಗಳ ಸಂಘ. ಸಂಘದ ಕಾರ್ಯದರ್ಶಿ ಮೂರನೇ ಮಹಡಿಯವರು, ಮೀಸೆಯೊಳಗೇ ಮಾತಾಡುವ ಜಾತಿ. ಒಂದು ಸಭೆಯಲ್ಲಿ ಆತ ಏನೋ ಹೇಳಿದರು, ಎಲ್ಲರ ಕಡೆ ಒಮ್ಮೆ ನೋಡಿದರು. ಮುಂದೆ ಕೂತವರು ತಲೆಯಾಡಿಸಿದರು. ಟೀಚರೂ ಆಡಿಸಿದರು. ಮರುವಾರ ಅತ್ತೆ ಎಂದಿನಂತೆ ಗೋಡೆ ಹಿಡಿದುಕೊಂಡು ಹಿಂದಿನ ಗೇಟಿಗೆ ಹೋದರೆ, ಅಲ್ಲಿ ಬೀಗ.

ಅತ್ತೆಯ ಕಿವಿ ಬಲು ಚುರುಕು, ಕಣ್ಣು ಮಾತ್ರ ಮಂಜು. ಹಿಂದಿನ ಗೇಟು ದಾಟಿದರೆ ಓಣಿ, ಓಣಿ ದಾಟಿದರೆ ಪಾರ್ಕಿನ ಬೆಂಚು. ಆ ಬೆಂಚಿನ ಮೇಲೆ ಅವರ ಓರಗೆಯ ಮುದುಕಿಯರ ದರಬಾರು. ದಾರಿ ಕಾಲಿಗೆ ಗೊತ್ತಿತ್ತು, ಕಣ್ಣು ಬೇಕಿರಲಿಲ್ಲ. ಮುಂದಿನ ಬಾಗಿಲಿನಿಂದ ಹೋಗೋಣವೆಂದರೆ ವಾಹನಗಳು ಹರಿಯುವ ದೊಡ್ಡ ರಸ್ತೆ. ಮುದುಕಿ ವಾಪಸು ಬಂದವರೇ ಸೊಸೆಯ ಎದುರು ನಿಂತರು. "ಬೀಗ ಹಾಕೋಕೆ ನೀನೇ ಹೂಂ ಅಂದೆಯಂತಲ್ಲೇ! ಕಾವಲಿನವನು ಹೇಳಿದ." ಮತ್ತೆ ಮಾತಿಲ್ಲ. ಮುದುಕಿ ಜಗಳ ಆಡಿದರೆ ಟೀಚರ್ ಸಹಿಸುತ್ತಿದ್ದರು. ಮಾತು ಬಿಟ್ಟದ್ದನ್ನು ಸಹಿಸಲಾಗಲಿಲ್ಲ.

ಅವರು ನೇರ ಮೂರನೇ ಮಹಡಿ ಹತ್ತಿದರು. ಕಾರ್ಯದರ್ಶಿ ಎಳೆಮಗುವಿಗೆ ಹೇಳುವ ಹಾಗೆ ಅಕ್ಷರ ಅಕ್ಷರ ಬಿಡಿಸಿ ಕೂಗಿದರು: "ನೀವೇ! ತಲೆ! ಆಡಿಸಿದ್ರಲ್ಲ ಟೀಚರ್! ಸರ್ವಾನುಮತ!" ಆಮೇಲೆ ಕನಿಕರದ ದನಿ ಮಾಡಿ, "ಮುಂದಿನ ಸಲ ಯಜಮಾನ್ರನ್ನೇ ಕಳಿಸಿಬಿಡಿ. ನಿಮಗ್ಯಾಕೆ ಸುಮ್ನೆ ತೊಂದರೆ," ಎಂದರು.

ಆ ಕನಿಕರ ಟೀಚರಿಗೆ ಕಾಲಿನ ಉಗುರಿನಿಂದ ನೆತ್ತಿಯವರೆಗೆ ಉರಿ ಹತ್ತಿಸಿತು. ಮನೆಗೆ ಬಂದಾಗ ಗಂಡ ವಿಷಯ ಕೇಳಿ, ಅಂಚೆ ಕಚೇರಿಯಲ್ಲಿ ಕಾಲ ಕಳೆದ ಮನುಷ್ಯನ ಶಾಂತಿಯಲ್ಲಿ, "ಅದಕ್ಕೇನಂತೆ, ನಾನೇ ಹೋಗ್ತೀನಿ ಬಿಡು," ಎಂದರು.

"ನೀವು ಹೋಗಿ ಎಲ್ಲದಕ್ಕೂ 'ಆಗಲಿ, ಆಗಲಿ' ಅಂದು ಬರ್ತೀರಿ. ನಿಮಗೆ ಕಿವಿ ಇದೆ, ಬಾಯಿಲ್ಲ. ನನಗೆ ಬಾಯಿ ಇದೆ, ಕಿವಿ ಒಂದು ಮಾಡ್ಕೊಂಡ್ರೆ ಆಯ್ತು."

"ಕಿವಿ ಮಾಡ್ಕೊಳ್ಳೋದಾ? ಅದೇನು ಕೋಡುಬಳೆಯೇ?"

"ನೋಡ್ತಾ ಇರಿ."

ಹೀಗೆ ಹೇಳಲು ಅವರಿಗೆ ಒಂದಿಷ್ಟು ಧೈರ್ಯವಿತ್ತು. ನಿವೃತ್ತಿಯ ನಂತರ ಗಂಡ ಚದುರಂಗದ ಗೆಳೆಯರನ್ನು ಹುಡುಕಿಕೊಂಡಾಗ, ಟೀಚರ್ ಗ್ರಂಥಾಲಯದ ಮೇಲ್ಮಹಡಿಯಲ್ಲಿ ನಡೆಯುವ ಹವ್ಯಾಸಿಗಳ ಎಲೆಕ್ಟ್ರಾನಿಕ್ಸ್ ಕ್ಲಾಸಿಗೆ ಸೇರಿದ್ದರು. ಬೆರಳು ಸುಟ್ಟುಕೊಂಡು ಬೆಸುಗೆ ಕಲಿತರು. ಬಾಗಿಲ ಗಂಟೆ ಒತ್ತಿದರೆ ಅಡುಗೆಮನೆಯಲ್ಲಿ ಕೆಂಪು ದೀಪ ಮಿನುಗುವಂತೆ ಮಾಡಿದ್ದು ಅವರೇ. ಅದು ಈಗಲೂ ಮಿನುಗುತ್ತದೆ. ಒಮ್ಮೊಮ್ಮೆ ಯಾರೂ ಬಾರದಿದ್ದರೂ ಮಿನುಗುತ್ತದೆ, ಆ ಮಾತು ಬೇರೆ.

ಯೋಜನೆ ಸರಳ. ಸಭೆಯ ಮೇಜಿನ ಮೇಲೆ, ಮಾತಾಡುವವರ ಮೂಗಿನ ಕೆಳಗೇ ಒಂದು ಮೈಕ್. ಅದರ ಸದ್ದನ್ನು ಉದ್ದ ತಂತಿಯಲ್ಲಿ ಹರಿಸಿ ಹಾಲಿನ ಹಿಂದೆ ಕೂತ ತಮ್ಮ ಹೆಡ್‌ಫೋನಿಗೆ ತರುವುದು. ಫ್ಯಾನೂ ಇಲ್ಲ, ಕುರ್ಚಿಯೂ ಇಲ್ಲ, ಬರೀ ಮಾತು. ಮೈಕಿನ ಸದ್ದು ಇರುವೆಯಷ್ಟು. ಅದನ್ನು ಹಿಗ್ಗಿಸಲು ಆಪ್-ಆಂಪ್ ಎನ್ನುವ ಎಂಟು ಕಾಲಿನ ಕರಿ ಚಿಪ್, ಕಿರುಬೆರಳ ಉಗುರಿನಷ್ಟು ಗಾತ್ರದ್ದು. ಒಂದು ಕಡೆಯಿಂದ ಪಿಸುಮಾತು ತಿನ್ನಿಸಿದರೆ ಇನ್ನೊಂದು ಕಡೆಯಿಂದ ಗಟ್ಟಿಮಾತು ಉಗುಳುತ್ತದೆ. ಮೊದಲು ಟೀಚರ್ ಚಿಪ್ಪನ್ನು ತಮ್ಮ ಕುರ್ಚಿಯ ಹತ್ತಿರ ಇಟ್ಟು, ಉದ್ದ ತಂತಿಯನ್ನು ಮೈಕಿಗೆ ಕಟ್ಟಿ ನೋಡಿದರು. ಇರುವೆಯಷ್ಟು ಸದ್ದು ದಾರಿಯಲ್ಲೇ ಗೋಡೆಯೊಳಗಿನ ಕರೆಂಟಿನ ಗುಂಯ್‌ಗುಡುವಿಕೆಗೆ ಸಿಕ್ಕಿ ಸತ್ತುಹೋಯಿತು. ಹಾಗಾಗಿ ಚಿಪ್ ಮೈಕಿನ ಪಕ್ಕಕ್ಕೇ ಹೋಯಿತು, ಬ್ಯಾಟರಿಗಳ ಜೊತೆ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ. ಅಲ್ಲೇ ಸದ್ದನ್ನು ಹಿಗ್ಗಿಸಿ, ಹಿಗ್ಗಿದ ಸದ್ದನ್ನು ಉದ್ದ ತಂತಿಗೆ ಬಿಡುವ ಏರ್ಪಾಟು.

ಊಟದ ಮೇಜಿನ ಮೇಲೆ ಗೇಣುದ್ದದ ತಂತಿ ಹಾಕಿ ಹೆಡ್‌ಫೋನ್ ಏರಿಸಿದಾಗ, ಗಂಡ ಪಕ್ಕದ ಕೋಣೆಯಲ್ಲಿ ಪೇಪರಿನ ಹಾಳೆ ತಿರುವಿದ್ದು ಅವರಿಗೆ ಕೇಳಿಸಿತು. ಸರ್ರೆಂದು, ಕಾಗದ ಹರಿದಷ್ಟು ಸ್ಪಷ್ಟ. ಆ ಸದ್ದನ್ನು ಎಷ್ಟೋ ಕಾಲದಿಂದ ಅವರು ಕೇಳಿರಲಿಲ್ಲ. "ರೀ, ಇನ್ನೊಂದು ಹಾಳೆ ತಿರುವಿ!" ಎಂದು ಕೂಗಿದರು. ಗಂಡ ಇಡೀ ಪೇಪರನ್ನೇ ತಿರುವಿಹಾಕಿದರು.

ಮರುದಿನ ಉದ್ದ ತಂತಿ ಸಿಕ್ಕಿಸಿದರು. ಸದ್ದು ಬಂತು, ಆದರೆ ಒರಟಾಗಿ, ಗಂಟಲು ಕಟ್ಟಿದವರ ಹಾಗೆ. ಸ್ವಲ್ಪ ಹೊತ್ತಿಗೆ ಏನೋ ಬೆಚ್ಚನೆಯ ಪ್ಲಾಸ್ಟಿಕ್ ವಾಸನೆ. ಟೀಚರ್ ಚಿಪ್ಪಿನ ಬೆನ್ನ ಮೇಲೆ ಬೆರಳಿಟ್ಟವರು ಹಾ ಎಂದು ಕೈ ಕೊಡವಿದರು. ಇಸ್ತ್ರಿ ಪೆಟ್ಟಿಗೆ ಮುಟ್ಟಿದಂತಾಗಿತ್ತು.

ಚಿಪ್ಪೇ ಕೆಟ್ಟದ್ದಿರಬೇಕೆಂದು ಹೊಸದು ಹಾಕಿದರು. ಅದೂ ಬೆರಳು ಸುಟ್ಟಿತು. ಉದ್ದ ತಂತಿ ಕಿತ್ತರೆ ತಣ್ಣಗೆ, ಹಾಕಿದರೆ ಕೆಂಡ. ಬ್ಯಾಟರಿಗಳು ನೀರು ಕುಡಿದ ಹಾಗೆ ಖಾಲಿಯಾಗುತ್ತಿದ್ದವು. ಹಾಗಾದರೆ ತಂತಿಯಲ್ಲೇ ದೋಷ, ಒಳಗೆಲ್ಲೋ ಎರಡು ಎಳೆ ಒಂದಕ್ಕೊಂದು ತಾಗಿರಬೇಕು ಎಂದುಕೊಂಡು ಮೀಟರ್ ತೆಗೆದರು. ಎಳೆ ತಾಗಿದ್ದರೆ ಮೀಟರ್ ಕೀಂ ಎನ್ನುತ್ತದೆ. ಆದರೆ ಆ ಕೀಂ ಟೀಚರ ಕಿವಿಯಿಂದ ಎಂದೋ ಬಿಟ್ಟುಹೋದ ಸದ್ದು. ಮೀಟರಿನ ಮುಖ ಓದೋಣವೆಂದರೆ, ಎರಡು ಕೈಯಲ್ಲಿ ಎರಡು ಕಡ್ಡಿ ಹಿಡಿದು, ತಂತಿಯನ್ನು ಮಾರುದ್ದ ಬಗ್ಗಿಸುತ್ತ ಅತ್ತ ಕಣ್ಣು ಹಾಕುವುದು ಆಗದ ಮಾತು. ಗಂಡ ಚದುರಂಗಕ್ಕೆ ಹೋಗಿದ್ದರು. ಮನೆಯಲ್ಲಿದ್ದ ಇನ್ನೆರಡು ಕಿವಿ ಕಿಟಕಿಯ ಹತ್ತಿರ, ಮಾತು ಬಿಟ್ಟು ಕೂತಿದ್ದವು.

ಟೀಚರ್ ಮೀಟರನ್ನು ಒಯ್ದು ಅತ್ತೆಯ ಮಡಿಲಲ್ಲಿ ಇಟ್ಟರು. "ಇದು ಕೂಗಿದ್ರೆ ಹೇಳಿ."

ಅತ್ತೆ ಮುಖ ತಿರುಗಿಸಿದರು. ಆದರೆ ಮೀಟರನ್ನು ಕೆಳಗಿಡಲಿಲ್ಲ. ಟೀಚರ್ ತಂತಿಯನ್ನು ಉದ್ದಕ್ಕೂ ತಿಕ್ಕಿ, ತಿರುಚಿ, ಎಳೆದು ನೋಡಿದರು. ಕೊನೆಗೆ ಮುದುಕಿ ಬಾಯಿ ಬಿಟ್ಟರು. "ಕೂಗಲಿಲ್ಲ. ನಿನ್ನ ತಂತಿ ನನಗಿಂತ ಹಟಮಾರಿ." ಅಷ್ಟು ಮಾತು ಬಂದದ್ದೇ ದೊಡ್ಡದು.

ತಂತಿ ಚೆನ್ನಾಗಿದೆ. ಚಿಪ್ ಚೆನ್ನಾಗಿದೆ. ಎರಡೂ ಸೇರಿದರೆ ಬೆಂಕಿ. ಟೀಚರ್ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಬಿಡಿಭಾಗದ ಅಂಗಡಿಗೆ ಹೋದರು. ಅಂಗಡಿಯವನು ಒಳ್ಳೆಯವನೇ, ಆದರೆ ಅವಸರದವನು. "ಬಿಸಿ ಆಗುತ್ತಾ? ಬೆನ್ನಿಗೊಂದು ಹೀಟ್ ಸಿಂಕ್ ಅಂಟಿಸಿ ಮೇಡಂ, ಬಿಸಿ ಎಳ್ಕೊಳ್ಳುತ್ತೆ," ಎಂದು ಅಲ್ಯೂಮಿನಿಯಂ ರೆಕ್ಕೆಯ ಒಂದು ತುಂಡನ್ನು ಮುಂದಿಟ್ಟ.

"ಜ್ವರ ಬಂದವನಿಗೆ ಬೀಸಣಿಗೆ ಬೀಸಿದ್ರೆ ಜ್ವರ ಬಿಡುತ್ತೇನಪ್ಪಾ? ಅದು ಯಾಕೆ ಬಿಸಿಯಾಗ್ತಿದೆ ಅಂತ ನನಗೆ ಬೇಕು."

"ಇಷ್ಟು ಚಿಕ್ಕ ವಿಷಯಕ್ಕೆ ಅಷ್ಟು ಯೋಚನೆ ಯಾಕೆ? ಉದ್ದ ತಂತಿ ಬಿಟ್ಟು ಮೇಜಿನ ಪಕ್ಕಕ್ಕೇ ಕೂತುಬಿಡಿ."

ಗಂಡನೂ ಸಂಜೆ ಅದನ್ನೇ ಹೇಳಿದರು. "ಮುಂದೆ ಹೋಗಿ ಕೂತ್ಕೋ. ಇಲ್ಲಾಂದ್ರೆ ಇದನ್ನ ಬಿಟ್ಟುಬಿಡು. ಒಂದಲ್ಲ ಒಂದು ದಿನ ಮನೆಗೆ ಬೆಂಕಿ ಬಿದ್ದೀತು."

"ಮುಂದೆ ಯಾಕೆ ಕೂರ್ಲಿ? ತಪ್ಪು ಮಾಡಿದ ಹುಡುಗಿಯನ್ನ ಮುಂದಿನ ಬೆಂಚಲ್ಲಿ ಕೂರಿಸ್ತಿದ್ದೆ ನಾನು. ನಾನೇನು ತಪ್ಪು ಮಾಡಿದ್ದೀನಿ? ಎಲ್ಲರೂ ಎಲ್ಲಿ ಕೂರ್ತಾರೋ ಅಲ್ಲೇ ಕೂರ್ತೀನಿ. ಅಲ್ಲಿಗೇ ಕೇಳಬೇಕು."

"ನಿನ್ನ ಹಟಕ್ಕೆ ಚಿಪ್ಪು ಕಾದಿದ್ದಲ್ಲ, ನೀನೇ ಕಾದಿದ್ದೀಯ," ಎಂದು ಗಂಡ ಎದ್ದುಹೋದರು.

ಈ ಬಿಸಿಯ ಗುಟ್ಟು ಸಿಕ್ಕಿದ್ದು ಜಗಳದಿಂದ. ಮಧ್ಯಾಹ್ನ ಅತ್ತೆಗೆ ರೇಡಿಯೋ ಬೇಕು. ಹಳೆಯದು, ಕಿವಿ ಹಿಂಡಿ ಸ್ಟೇಷನ್ ಹಿಡಿಯುವಂಥದು. ಟೀಚರ್ ಆ ದಿನವೂ ಉದ್ದ ತಂತಿ ಸಿಕ್ಕಿಸಿ, ಚಿಪ್ಪಿನ ಬೆನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಅತ್ತೆ ಬಂದು ಮೇಜು ಕುಟ್ಟಿದರು.

"ನನ್ನ ಗೇಟಿಗೂ ಬೀಗ ಹಾಕಿಸಿದೆ, ಈಗ ರೇಡಿಯೋ ಬಾಯಿಗೂ ಹಾಕ್ತೀಯಾ?"

"ನಾನೇನು ಮಾಡ್ದೆ ಅತ್ತೆ?"

"ನೀನು ಆ ಡಬ್ಬಿ ಶುರು ಮಾಡಿದ ತಕ್ಷಣ ಇದು ಕುಯ್ಯೋ ಅಂತ ಅರಚುತ್ತೆ. ದಿನಾ ಇದೇ ಗೋಳು. ಬೇಕು ಅಂತಲೇ ಮಾಡ್ತಿದ್ದೀಯ!"

ಟೀಚರ್ ಡಬ್ಬಿ ಆರಿಸಿದರು. "ಈಗ?"

"ಈಗ ಸರಿ ಇದೆ."

ಹಾಕಿದರು. "ಈಗ?"

"ಅರಚ್ತಾ ಇದೆ ಅಂದ್ನಲ್ಲ!"

ಉದ್ದ ತಂತಿ ಕಿತ್ತು, ಗೇಣುದ್ದದ ತಂತಿ ಹಾಕಿ ಡಬ್ಬಿ ಹಚ್ಚಿದರು. ಮುದುಕಿ ತಲೆ ಓರೆ ಮಾಡಿ ಕೇಳಿದರು. ಬೈಯುವ ದನಿ ಹೋಗಿ ಕುತೂಹಲದ ದನಿ ಬಂತು. "ಇಲ್ಲ. ಸುಮ್ಮನಾಯ್ತು."

ಟೀಚರ್ ಅತ್ತೆಯ ಕೈಯನ್ನು ಹಿಡಿದೇಬಿಟ್ಟರು. ಡಬ್ಬಿ ಕೂಗುತ್ತಿದೆ! ಯಾವ ಮನುಷ್ಯನ ಕಿವಿಗೂ ಬೀಳದಷ್ಟು ಎತ್ತರದ ಸ್ಥಾಯಿಯಲ್ಲಿ, ಉಸಿರು ಬಿಡದೆ ಕೂಗುತ್ತಿದೆ. ರೇಡಿಯೋಕ್ಕೆ ಮಾತ್ರ ಅದು ತಟ್ಟುತ್ತಿದೆ. ಯಾರಿಗೂ ಕೇಳದ ಕೂಗಿಗೆ ಬ್ಯಾಟರಿಯ ಜೀವವೆಲ್ಲ ಹೋಗಿ, ಕೂಗಿ ಕೂಗಿ ಚಿಪ್ಪಿನ ಮೈ ಬಿಸಿಯೇರಿದೆ. ಕ್ಲಾಸಿನಲ್ಲಿ ಕೊಟ್ಟಿದ್ದ ಪುಸ್ತಕ ತೆಗೆದು ಹುಡುಕಿದರೆ ವಿಷಯ ಅಲ್ಲೇ ಇತ್ತು. ಅವರೇ ಹಿಂದೆ ಆಕಳಿಸುತ್ತ ದಾಟಿಹೋಗಿದ್ದ ಪುಟ. ಉದ್ದ ತಂತಿ ಬರೀ ತಂತಿಯಲ್ಲ, ಅದರ ಒಳ ಎಳೆಯೂ ಹೊರ ಜಾಲರಿಯೂ ಸೇರಿ ತಾನೇ ಒಂದು ಕೆಪಾಸಿಟರಿನಂತೆ, ಕರೆಂಟನ್ನು ಒಳಗೆ ತುಂಬಿಟ್ಟುಕೊಳ್ಳುವ ಬಿಡಿಭಾಗದಂತೆ, ವರ್ತಿಸುತ್ತದೆ. ಚಿಪ್ ತಾನು ಆಡಿದ ಮಾತನ್ನು ತಾನೇ ಕೇಳಿ ತಿದ್ದಿಕೊಳ್ಳುವ ವಸ್ತು. ತಂತಿಯ ಭಾರಕ್ಕೆ ಆ ಮಾತು ತಡವಾಗಿ ವಾಪಸು ಬಂದರೆ ಅದು ತಿದ್ದಲು ಹೋಗಿ ಮತ್ತಷ್ಟು ತಪ್ಪುತ್ತದೆ, ತಪ್ಪಿದ್ದನ್ನು ತಿದ್ದಲು ಇನ್ನಷ್ಟು ಕೂಗುತ್ತದೆ.

"ಅಂದ್ರೆ ನಮ್ಮಿಬ್ಬರ ಜಗಳದ ಹಾಗೆ," ಎಂದರು ಅತ್ತೆ, ವಿವರಣೆ ಪೂರ್ತಿ ಕೇಳಿ.

"ಹಾಗೇ ಇಟ್ಕೊಳ್ಳಿ."

ಅಂದಿನಿಂದ ಅತ್ತೆಯ ಕುರ್ಚಿ ಊಟದ ಮೇಜಿಗೆ ಬಂತು, ರೇಡಿಯೋ ಅವರ ಕೈಗೆ ಬಂತು. ಮೊದಲು ಟೀಚರ್ ಚಿಪ್ಪಿನ ಬ್ಯಾಟರಿ ಕಾಲುಗಳಿಗೆ ಒತ್ತಿಕೊಂಡಂತೆ ಎರಡು ಪುಟ್ಟ ಕೆಪಾಸಿಟರ್ ಬೆಸೆದರು. "ಈಗ?" "ಅರಚುತ್ತೆ. ಸ್ವಲ್ಪ ಕಡಿಮೆ. ಗಂಟಲು ಬಿದ್ದ ಹಾಗಿದೆ." ತಂತಿಯನ್ನು ಸುರುಳಿ ಬಿಚ್ಚಿ ಹರಡಿದರು. "ಏನೂ ಬದಲಿಲ್ಲ." ಇನ್ನು ಉಳಿದದ್ದು ಪುಸ್ತಕದ ಕೊನೆಯ ಸಲಹೆ: ಚಿಪ್ಪಿನ ಬಾಯಿಗೂ ತಂತಿಗೂ ನಡುವೆ, ಕರೆಂಟಿನ ಓಟಕ್ಕೆ ತುಸು ತಡೆಯೊಡ್ಡುವ ಒಂದು ಸಣ್ಣ ರೆಸಿಸ್ಟರ್. ಚಿಪ್ಪಿಗೂ ಆ ಭಾರಕ್ಕೂ ನಡುವೆ ಒಂದು ಗೇಣು ಅಂತರ ಕೊಟ್ಟಂತೆ. ಟೀಚರ್ ತಂತಿಯನ್ನು ಕತ್ತರಿಸಿ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಅದನ್ನು ಅಡ್ಡ ಬೆಸೆದು ಡಬ್ಬಿ ಹಚ್ಚಿದರು.

ಅತ್ತೆ ಮಾತಾಡಲಿಲ್ಲ.

"ಈಗ ಹೇಗಿದೆ ಅತ್ತೆ? ಹೇಳಿ!"

"ಸುಮ್ನಿರು. ಹಾಡು ಬರ್ತಾ ಇದೆ, ಕೇಳ್ತಾ ಇದ್ದೀನಿ."

ಟೀಚರ್ ಬೆರಳಿಟ್ಟರು. ತಣ್ಣಗಿತ್ತು. ಚಹಾ ಮಾಡಿ ಕುಡಿದು ಬಂದು ಮತ್ತೆ ಇಟ್ಟರು. ಆಗಲೂ ತಣ್ಣಗಿತ್ತು. ಗಂಡ ಮನೆಗೆ ಬಂದಾಗ ಸೊಸೆ ಒಂದು ಕೋಣೆಯ ಮೂಲೆಯಲ್ಲಿ, ಅತ್ತೆ ಇನ್ನೊಂದು ಕೋಣೆಯ ಮೂಲೆಯಲ್ಲಿ, ನಡುವೆ ಮನೆಯುದ್ದ ತಂತಿ. ಅತ್ತೆ ಮೈಕಿನೊಳಗೆ ಮೆಲ್ಲಗೆ ಹಳೆಯ ಬೈಗುಳಗಳನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದರು. ಸೊಸೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದಕ್ಕೂ ಎರಡೆರಡು ತಿರುಗಿಸಿ ಕೊಡುತ್ತಿದ್ದರು. ಆ ಮನುಷ್ಯ ಇಬ್ಬರನ್ನೂ ನೋಡಿ, ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

ಸಭೆಯ ದಿನ ಟೀಚರ್ ಅತ್ತೆಯನ್ನು ಕೈಹಿಡಿದು ಕರೆತಂದರು. ಮೇಜಿನ ನಡುವೆ ಡಬ್ಬಿ ಇಟ್ಟು, ತಂತಿಯನ್ನು ಗೋಡೆಯ ಅಂಚಿಗೆ ಬಿಡಿಸಿಕೊಂಡು ಹೋಗಿ, ಎಲ್ಲರ ನಡುವೆ ತಮ್ಮ ಮಾಮೂಲಿ ಕುರ್ಚಿಯಲ್ಲಿ ಕೂತರು.

"ಇದೇನಿದು ಟೀಚರ್? ರೆಕಾರ್ಡ್ ಮಾಡ್ತಿದ್ದೀರಾ?" ಕಾರ್ಯದರ್ಶಿ ಹುಬ್ಬು ಗಂಟಿಕ್ಕಿದರು.

"ಇಲ್ಲ. ಕೇಳಿಸ್ಕೊಳ್ತಿದ್ದೀನಿ."

"ಮೇಜಿನ ಮೇಲೆ ಇಂಥದ್ದೆಲ್ಲ ಇಡೋ ಹಾಗಿಲ್ಲ. ತೆಗೀರಿ."

"ಆಗಲಿ. ಮೊದಲು ನೀವು ನಿಮ್ಮ ಕನ್ನಡಕ ತೆಗೆದಿಡಿ, ಆಮೇಲೆ ನಾನು ನನ್ನ ಡಬ್ಬಿ ತೆಗೀತೀನಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಡಬ್ಬಿ ಅಲ್ಲೇ ಉಳಿಯಿತು.

ಕಾರ್ಯದರ್ಶಿ ಹಿಂದಿನ ಸಭೆಯ ನಿರ್ಣಯ ಓದಿದರು: ಭದ್ರತೆಯ ದೃಷ್ಟಿಯಿಂದ ಹಿಂದಿನ ಗೇಟು ಮುಚ್ಚುವುದು, ಸರ್ವಾನುಮತ. ಒಂದೊಂದು ಅಕ್ಷರವೂ ಟೀಚರ ಕಿವಿಗೆ ಬಿತ್ತು. ಮೀಸೆಯ ಕೂದಲ ಉಜ್ಜಾಟವೂ ಬಿತ್ತು. ಅವರು ಎದ್ದು ನಿಂತರು. ಆಗ ಮೇಜಿನ ತುದಿಯಲ್ಲಿದ್ದ ಖಜಾಂಚಿ ಕಾರ್ಯದರ್ಶಿಯ ಕಿವಿಯಲ್ಲಿ ಪಿಸುಗುಟ್ಟಿದ್ದೂ ಬಿತ್ತು: "ಶುರುವಾಯ್ತು ಡ್ರಿಲ್ಲು. ಏನಾದ್ರೂ ಅಂದು ಕೂರಿಸಿಬಿಡಿ. ಹೇಗೂ ಕೇಳಲ್ಲ."

"ಕೇಳುತ್ತೆ ಖಜಾಂಚಿಗಳೇ," ಎಂದರು ಟೀಚರ್, ಮೈದಾನದ ದನಿಯಲ್ಲಿ. "ಡ್ರಿಲ್ಲು ಈಗಷ್ಟೇ ಶುರು."

ಖಜಾಂಚಿಯ ಮುಖ ಇಂಗು ತಿಂದ ಮಂಗನಂತಾಯಿತು.

"ಹೋದ ಸಲ ನಾನು ತಲೆ ಆಡಿಸಿದ್ದು ನಿಜ. ಆದ್ರೆ ನೀವು ಹೇಳಿದ್ದು ಒಂದಕ್ಷರ ಕೇಳಿರ್ಲಿಲ್ಲ. ಕೇಳದೆ ಆಡಿಸಿದ ತಲೆ ಒಪ್ಪಿಗೆ ಅಲ್ಲ. ಹಾಗಾಗಿ ಅದು ಸರ್ವಾನುಮತ ಅಲ್ಲ. ಈಗ ಕೇಳ್ತೀನಿ: ಆ ಗೇಟಿಂದ ಏನು ಕಳುವಾಗಿತ್ತು?"

"ಕಳುವು ಅಂತ ಅಲ್ಲ... ಆಗಬಹುದು ಅಂತ."

"ಆಗಬಹುದಾದ ಕಳ್ಳನಿಗಾಗಿ, ಇರೋ ಮುದುಕಿಯನ್ನ ಮನೆಯಲ್ಲಿ ಕೂಡಿಹಾಕಿದ್ದೀರಿ. ಇಲ್ಲೇ ಕೂತಿದ್ದಾರೆ, ಬೇಕಾದ್ರೆ ಅವರನ್ನೇ ಕೇಳಿ."

ಅತ್ತೆಯನ್ನು ಯಾರೂ ಕೇಳಲಿಲ್ಲ. ಅವರೇ ಹೇಳಿದರು. "ನನಗೆ ದೊಡ್ಡ ರಸ್ತೆ ಕಾಣಲ್ಲ ಕಣಪ್ಪಾ, ಕೇಳುತ್ತೆ ಅಷ್ಟೇ. ಹೆದರಿಕೆ ಆಗುತ್ತೆ." ಎದೆಯೆತ್ತಿ ಬೈಯುವ ಮುದುಕಿ ಹೆದರಿಕೆ ಎಂಬ ಮಾತಾಡಿದ್ದನ್ನು ಸೊಸೆ ಕೇಳಿದ್ದು ಅದೇ ಮೊದಲು.

ನೆಲಮಹಡಿಯ ನರ್ಸಮ್ಮ, ಪಾಳಿಯ ಕೆಲಸಕ್ಕೆ ಅದೇ ಗೇಟಿನಿಂದ ಹೋಗುತ್ತಿದ್ದವರು, ಎದ್ದು ನಿಂತರು. "ನನಗೂ ಅವತ್ತು ಇಷ್ಟ ಇರ್ಲಿಲ್ಲ. ಎಲ್ಲರೂ ಹೂಂ ಅಂತಿದ್ದಾರಲ್ಲ ಅಂತ ಸುಮ್ಮನಿದ್ದೆ." ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಕಾರ್ಯದರ್ಶಿ ಸೋಲೊಪ್ಪುವ ಪೈಕಿಯಲ್ಲ. ಕೈ ಎತ್ತಿಸಿ ಎಂದು ಟೀಚರ್ ಹಟ ಹಿಡಿದರು, ಎತ್ತಿಸಲೇಬೇಕಾಯಿತು. ಬಹಳ ಹೊತ್ತಿನ ಎಳೆದಾಟದ ಮೇಲೆ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಗೇಟು ತೆರೆದಿರಲಿ, ರಾತ್ರಿ ಬೀಗ ಎಂದು ತೀರ್ಮಾನವಾಯಿತು. ಟೀಚರಿಗೆ ರಾತ್ರಿಯೂ ತೆರೆದಿರಬೇಕಿತ್ತು, ನರ್ಸಮ್ಮನ ಪಾಳಿಗಾಗಿ. ಅದು ಆಗಲಿಲ್ಲ. ಅದನ್ನು ಅವರು ಇಂದಿಗೂ ಪ್ರತಿ ಸಭೆಯಲ್ಲೂ ಎತ್ತುತ್ತಾರೆ.

ಡಬ್ಬಿ ಪರಿಪೂರ್ಣವೇನಲ್ಲ. ಯಾರಾದರೂ ಮೇಜು ಕುಟ್ಟಿದರೆ ಟೀಚರ ತಲೆಯೊಳಗೆ ಗುಡುಗುತ್ತದೆ. ಇದನ್ನು ಕಂಡುಕೊಂಡ ಕಾರ್ಯದರ್ಶಿ ಕೆಲವು ಸಭೆಗಳಲ್ಲಿ ಬೇಕೆಂದೇ ಮೇಜು ಕುಟ್ಟಿ ಮಾತಾಡಿದರು. ಟೀಚರ್ ಡಬ್ಬಿಯ ಕೆಳಗೆ ಸ್ಪಂಜು ಅಂಟಿಸಿಕೊಂಡು ಬಂದರು.

ಅದೇ ವರ್ಷ ಅವರು ಕಾರ್ಯದರ್ಶಿ ಸ್ಥಾನಕ್ಕೇ ಸ್ಪರ್ಧಿಸಿದರು, ಸೋತರು. ಗಂಡ ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಡ್ಡ ಬಂದರು. "ಅವಳಿಗ್ಯಾಕೋ ಸಮಾಧಾನ? ವೋಟು ಹಾಕದೋರು ಯಾರ್ಯಾರು ಅಂತ ನಂಗೆ ಗೊತ್ತು. ಬೆಂಚಲ್ಲಿ ಎಲ್ಲಾ ಕೇಳ್ಕೊಂಡು ಬಂದಿದ್ದೀನಿ." ಅಂದಿನ ಸಂಜೆಯೇ ಅತ್ತೆ ಸೊಸೆ ಇಬ್ಬರೂ ಎರಡನೇ ಮಹಡಿಯಿಂದ ಶುರುಮಾಡಿ ಬಾಗಿಲು ಬಾಗಿಲು ತಟ್ಟುತ್ತ ಮುಂದಿನ ವರ್ಷದ ಪ್ರಚಾರಕ್ಕೆ ಹೊರಟರು.